ಅಳಿಯನ ಎರಡು ಜಡೆ

ನನ್ನ ಅಕ್ಕನ ಮಗನಿಗೆ ಐದನೇ ವರ್ಷ ನಡೆಯುವವರೆಗೂ ತಲೆಗೆ ಕತ್ತರಿ ತಾಕಿರಲಿಲ್ಲ. ಗಂಡು ಹುಡುಗ, ಎರಡು ಜಡೆ, ಜಡೆಯ ತುದಿಗೆ ಕೆಂಪು ಟೇಪು. ಅಂಗನವಾಡಿಯಲ್ಲಿ ಅವನನ್ನು ಹೊಸದಾಗಿ ನೋಡಿದ ಮಕ್ಕಳು ಹುಡುಗಿಯರ ಸಾಲಿಗೆ ತಳ್ಳುತ್ತಿದ್ದವಂತೆ. ಅವನು ಅಳುತ್ತಿರಲಿಲ್ಲವಂತೆ, ತಿರುಗಿ ಒಂದು ಏಟು ಬಿಟ್ಟು ತನ್ನ ಸಾಲಿಗೆ ಬರುತ್ತಿದ್ದನಂತೆ. ಈ ಫಜೀತಿಗೆಲ್ಲ ಕಾರಣ ನಾನು.

ನಮ್ಮ ಕಡೆ ಮಗುವಿನ ಮೊದಲ ಮುಡಿ ತೆಗೆಯುವಾಗ ಅದು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಮೊದಲ ಎಳೆಯನ್ನು ಅವನೇ ಕತ್ತರಿಸಿದ ಮೇಲೆ ಕ್ಷೌರದವರು ಮುಂದುವರಿಸುತ್ತಾರೆ. ಕಿವಿ ಚುಚ್ಚುವುದೂ ಅವನ ತೊಡೆಯ ಮೇಲೆಯೇ. ಎರಡೂ ಬೆಸ ವರ್ಷದಲ್ಲಿ ಆಗಬೇಕು: ಒಂದು, ಇಲ್ಲವೇ ಮೂರು, ಇಲ್ಲವೇ ಐದು, ಕಿವಿಗಾದರೆ ಏಳೂ ನಡೆಯುತ್ತದೆ. ಅಪ್ಪ ಅಮ್ಮ ಇಬ್ಬರೂ ಹೋಗಿ ಬಹಳ ವರ್ಷವಾಗಿತ್ತು. ಅಕ್ಕನಿಗೆ ತವರು ಅಂತ ಇದ್ದರೆ ನಾನೊಬ್ಬನೇ. ಆ ನಾನೊಬ್ಬ ಟಾಂಜಾನಿಯಾದ ಸಮುದ್ರದ ದಡದ ಊರೊಂದರಲ್ಲಿ, ಕೊಬ್ಬರಿ ಎಣ್ಣೆ ಮತ್ತು ತೆಂಗಿನ ಪೌಡರ್ ಮಾಡುವ ಫ್ಯಾಕ್ಟರಿಯ ಬಾಯ್ಲರ್ ಮುಂದೆ ಬೆವರು ಸುರಿಸುತ್ತ ನಿಂತಿದ್ದೆ.

ಹೋದದ್ದು ಸಂಬಳಕ್ಕೆ ಅಂತ ಎಲ್ಲರಿಗೂ ಹೇಳಿದ್ದೆ. ಸಂಬಳ ಜಾಸ್ತಿ ಅನ್ನುವುದು ನಿಜ. ಆದರೆ ಹೂಂ ಅಂದದ್ದು ಸಿಟ್ಟಿನಲ್ಲಿ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಹುಟ್ಟುಗುಣ. ಅಳಿಯನ ತೊಟ್ಟಿಲು ಶಾಸ್ತ್ರಕ್ಕೆ ನಮ್ಮೂರು ದಂಡಿನಶಿವರದಿಂದ ಅಕ್ಕನ ಮನೆ ಬಿಳಿಗೆರೆಗೆ ತವರಿನವರು ತರಬೇಕಾದ ಸಾಮಾನೆಲ್ಲ ಹೊತ್ತು ಹೋಗಿದ್ದೆ. ಬೆಳ್ಳಿ ಉಡಿದಾರ, ಸೀರೆ, ಕುಲಾವಿ, ಒಂದು ಚೀಲ ಆರಿಸಿದ ಉಂಡೆ ಕೊಬ್ಬರಿ. ಊಟದ ಹೊತ್ತಿಗೆ ಮೊದಲ ಪಂಕ್ತಿಯ ಎಲೆಗಳೆಲ್ಲ ತುಂಬಿಹೋಗಿದ್ದವು. ಭಾವನ ಕಡೆಯ ಹಿರಿಯರೊಬ್ಬರು, "ನೀವು ಮನೆಯವ್ರಲ್ವೇ, ಎರಡನೇ ಪಂಕ್ತಿಗೆ ಕೂತ್ಕೊಂಡ್ರಾಯ್ತು ಬುಡಿ" ಅಂದರು. ಅವರು ಹೇಳಿದ್ದು ಸಲಿಗೆಯಿಂದ. ನನ್ನ ಕಿವಿಗೆ ಬಿದ್ದದ್ದು ಅವಮಾನವಾಗಿ. ಹುಡುಗನ ಸೋದರಮಾವನಿಗೆ ಎರಡನೇ ಪಂಕ್ತಿಯೇ! ಸಾರಿನ ಬಕೀಟು ಹಿಡಿದು ಬಡಿಸುತ್ತಿದ್ದ ಭಾವನ ಮುಂದೆ ಹೋಗಿ ನಿಂತು, ಎಲ್ಲರೆದುರಿಗೆ, "ಇನ್ನು ನಿಮ್ಮನೆ ಹೊಸ್ತಿಲು ತುಳಿಯಲ್ಲ ಕಣ್ರೀ" ಅಂದೆ. ಭಾವ ಮಾತಿನವರಲ್ಲ. ಬಕೀಟು ಕೆಳಗಿಡುವುದನ್ನೂ ಮರೆತು ಹಾಗೇ ನಿಂತಿದ್ದರು. ನಾನು ತಿಪಟೂರು ಬಸ್ ಸ್ಟ್ಯಾಂಡಿಗೆ ಬಂದು ಹೋಟೆಲಿನಲ್ಲಿ ಇಡ್ಲಿ ತಿಂದೆ. ಇಡ್ಲಿ ತಣ್ಣಗಿತ್ತು, ಹೋಟೆಲಿನವನ ಮೇಲೂ ರೇಗಿದೆ.

ಇದಾಗಿ ಎರಡು ತಿಂಗಳಿಗೆ ನಾನು ದುಡಿಯುತ್ತಿದ್ದ ತಿಪಟೂರಿನ ಪೌಡರ್ ಫ್ಯಾಕ್ಟರಿಗೆ ಒಬ್ಬ ಏಜೆಂಟ್ ಬಂದ. ಆಫ್ರಿಕಾದಲ್ಲಿ ಇಂಥದ್ದೇ ಫ್ಯಾಕ್ಟರಿಗೆ ಬಾಯ್ಲರ್ ಪರೀಕ್ಷೆ ಪಾಸಾದವರು ಬೇಕು ಅಂದ. ಯೋಚನೆ ಮಾಡಿ ಹೇಳ್ತೀನಿ ಅನ್ನಬೇಕಿತ್ತು. ಪಾಸ್‌ಪೋರ್ಟಿಗೆ ಏನೇನು ಬೇಕು ಅಂತ ಕೇಳಿದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಅನ್ನುವ ಗಾದೆ ನನ್ನಂಥವರನ್ನು ನೋಡಿಯೇ ಕಟ್ಟಿದ್ದಿರಬೇಕು.

ಅಲ್ಲಿ ಹೋದ ಮೊದಲ ದಿನವೇ ಎಡವಟ್ಟು. ನಾಳೆ ಒಂದು ಗಂಟೆಗೆ ಕೆಲಸಕ್ಕೆ ಬಾ ಅಂದಿದ್ದರು. ಸ್ನಾನ, ಊಟ ಮುಗಿಸಿ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಹೋದರೆ ಮ್ಯಾನೇಜರ್ ಕೆಂಡವಾಗಿದ್ದ. ಅಲ್ಲಿಯ ಜನ ಗಂಟೆ ಎಣಿಸುವುದು ಬೆಳಗಾದ ಮೇಲಿಂದ. ಸೂರ್ಯ ಹುಟ್ಟಿ ಒಂದು ಗಂಟೆ ತುಂಬಿದರೆ ಒಂದು ಗಂಟೆ. ಅಂದರೆ ನಮ್ಮ ಏಳು. ಬಾಯ್ಲರ್ ಲೆಕ್ಕವೂ ಹಾಗೇ, ಒಂದು ವರ್ಷ ತುಂಬಿದ ಮೇಲೆ ಮುಂದಿನ ತಪಾಸಣೆ. ವರ್ಷಗಟ್ಟಲೆ ಈ ತುಂಬುವ ಲೆಕ್ಕದಲ್ಲೇ ಇದ್ದು ಇದ್ದು ನನ್ನ ತಲೆಯೂ ಹಾಗೇ ಆಗಿತ್ತು ಅಂತ ಆಮೇಲೆ ಅಕ್ಕನ ಮುಂದೆ ವಾದ ಮಾಡಿದ್ದೇನೆ. ಅವಳು ಒಪ್ಪಿಲ್ಲ.

ನನ್ನ ಜೊತೆ ಬಾಯ್ಲರಿಗೆ ತೆಂಗಿನ ಚಿಪ್ಪು ಹಾಕುತ್ತಿದ್ದವರು ತಲೆ ನರೆತ ಒಬ್ಬ ಹಿರಿಯರು. ಅಲ್ಲಿ ವಯಸ್ಸಾದವರನ್ನು ಮರ್ಯಾದೆಯಿಂದ ಮ್ಜೇ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ಅವರಿಗೆ ಚೂರು ಇಂಗ್ಲಿಷು, ನನಗೆ ಚೂರು ಅವರ ಭಾಷೆ, ಉಳಿದದ್ದಕ್ಕೆ ಕೈಸನ್ನೆ. ಬೆಳಿಗ್ಗೆ ಸ್ಟೀಮ್ ಏರುವವರೆಗೆ ಇಬ್ಬರೂ ಗೇಜಿನ ಮುಳ್ಳು ನೋಡುತ್ತ ಕಪ್ಪು ಚಹಾ ಕುಡಿಯುತ್ತಿದ್ದೆವು. ಸಂಜೆ ಕೋಣೆಗೆ ಹೋಗಿ ಮುದ್ದೆ ತೊಳಸುತ್ತಿದ್ದೆ. ಹೌದು, ಮುದ್ದೆ! ಊರಿಂದ ಹತ್ತು ಕೇಜಿ ರಾಗಿಹಿಟ್ಟು ಹೊತ್ತುಕೊಂಡು ಹೋಗಿದ್ದೆ, ಅಲ್ಲಿಯ ಸಂತೆಯಲ್ಲಿ ನೋಡಿದರೆ ರಾಗಿ ಗುಡ್ಡೆ ಹಾಕಿ ಮಾರುತ್ತಿದ್ದರು. ಅವರು ಅದರಲ್ಲಿ ಗಂಜಿ ಕಾಯಿಸುತ್ತಾರೆ, ಮುದ್ದೆಯನ್ನು ಬಿಳಿ ಮುಸುಕಿನ ಜೋಳದ ಹಿಟ್ಟಿನಲ್ಲಿ ಕಟ್ಟುತ್ತಾರೆ. ಒಂದು ಸಲ ಮ್ಜೇಗೆ ನಮ್ಮ ಮುದ್ದೆ, ಬಸ್ಸಾರು ಹಾಕಿದೆ. ನುಂಗಬೇಕು ಅಂದರೆ ಕೇಳದೆ ಅಗಿದರು. ಹಲ್ಲಿಗೆಲ್ಲ ಮೆತ್ತಿಕೊಂಡಿತು.

ತೆಂಗೇನೋ ಅಲ್ಲಿಯೂ ತೆಂಗೇ. ಆದರೆ ಕಿತ್ತ ವಾರಕ್ಕೇ ಹೋಳು ಮಾಡಿ ಒಣಗಿಸಿ ಗಾಣಕ್ಕೆ ಹಾಕಿಬಿಡುತ್ತಾರೆ. ನಮ್ಮಲ್ಲಿ ಕಾಯನ್ನು ಇಡಿಯಾಗಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡುತ್ತೇವೆ, ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿ ಉಂಡೆಯಾಗಿ ಲೊಡಲೊಡ ಅನ್ನಬೇಕು ಅಂದಾಗ ಮ್ಜೇ ನಂಬಲೇ ಇಲ್ಲ.

ಭಾನುವಾರ ಅಕ್ಕ ವಿಡಿಯೋ ಕಾಲ್ ಮಾಡುತ್ತಿದ್ದಳು. ಸಿಟ್ಟು ಇದ್ದದ್ದು ಭಾವನ ಮೇಲೆ ಅಲ್ಲವೇ, ಅಕ್ಕನ ಜೊತೆ ಮಾತು ಬಿಟ್ಟಿರಲಿಲ್ಲ. ಅಳಿಯನಿಗೆ ಮಾತು ಬಂದ ಮೇಲೆ ಫೋನು ಅವನ ಕೈಗೇ ಹೋಯಿತು.

"ಏನ್ ಅಳಿಯಂದಿರೇ, ಜಡೆ ಎಲ್ಲಿಗಂಟ ಬಂತು?" ಅನ್ನುತ್ತಿದ್ದೆ.

ಅವನು ಜಡೆಯನ್ನು ಮುಂದಕ್ಕೆ ಎಳೆದು ಫೋನಿಗೆ ಒತ್ತಿ ಹಿಡಿಯುತ್ತಿದ್ದ. ನನಗೆ ಬರೀ ಕಪ್ಪಗೆ ಕಾಣುತ್ತಿತ್ತು.

"ಇಲ್ಲಿಗಂಟ."

"ಸಾಲ್ದು ಬುಡು. ಸೊಂಟಕ್ ಬರ್ಲಿ, ನಾನು ಬತ್ತೀನಿ."

ಮಕ್ಕಳನ್ನು ರಮಿಸಲು ಆಡುವ ಮಾತು. ಅಕ್ಕ ತಲೆ ಬಾಚುವಾಗ ಅಳುತ್ತಿದ್ದವನು ಆಮೇಲೆ ತಾನೇ ಎಣ್ಣೆ ಬಟ್ಟಲು ತಂದು ಕೂರತೊಡಗಿದನಂತೆ. ಎಣ್ಣೆ ಹಚ್ಚಿದರೆ ಬೇಗ ಉದ್ದವಾಗುತ್ತೆ ಅಂತ ಯಾರೋ ಹೇಳಿದ್ದರಂತೆ.

ಒಮ್ಮೆ ಮ್ಜೇ ಪಕ್ಕದಲ್ಲಿದ್ದಾಗ ಫೋನು ಬಂತು. ಅಕ್ಕನ ಮಗಳಾ ಅಂತ ಕೇಳಿದರು. ಅಲ್ಲ, ಮಗ ಅಂತ ಹೇಳಿ, ಮುಡಿಯ ವಿಷಯವೆಲ್ಲ ವಿವರಿಸಲು ಅರ್ಧ ಗಂಟೆ ಹಿಡಿಯಿತು. ಸೋದರಮಾವನಿಗೆ ಅವರಲ್ಲೂ ಬೇರೆಯದೇ ಹೆಸರಿದೆ, ಬೇರೆಯದೇ ಗೌರವ. ಅದು ಅವರಿಗೆ ಥಟ್ಟನೆ ಅರ್ಥವಾಯಿತು. ಅರ್ಥವಾಗದ್ದು ಉಳಿದದ್ದು. "ಕಾಯಿಗೆ ಒಂದು ವರ್ಷ, ಕೂದಲಿಗೆ ಐದು ವರ್ಷ. ನಿಮ್ಮ ಜನಕ್ಕೆ ಕಾಯುವುದು ಬಿಟ್ಟು ಬೇರೆ ಕೆಲಸ ಇಲ್ಲವಾ?" ಅಂತ ನಕ್ಕರು.

ಮೊದಲ ವರ್ಷ ನಾನು ಆಗಷ್ಟೇ ಬಂದಿದ್ದೆ, ರಜೆಯ ಮಾತೇ ಇರಲಿಲ್ಲ. ಎರಡು ವರ್ಷದ ಕರಾರು ಮುಗಿದ ಮೇಲೆ ರಜೆ ಕೊಟ್ಟರು. ನಾನು ಅಳಿಯನ ಹುಟ್ಟುಹಬ್ಬ ನೆನಪಿಟ್ಟುಕೊಂಡು, ಮೂರು ವರ್ಷ ತುಂಬಿದ ಮರುವಾರಕ್ಕೇ ಟಿಕೆಟ್ ಬುಕ್ ಮಾಡಿದೆ. ಭಾರಿ ಹೆಮ್ಮೆಯಿಂದ ಅಕ್ಕನಿಗೆ ಫೋನ್ ಮಾಡಿದೆ.  ಅವಳು ಕಿರುಚಿದಳು.

"ಲೋ, ಮೂರು ತುಂಬುದ್ ಮೇಲೆ ನಾಕು ಕಣೋ ನಡ್ಯೋದು! ಸರಿ ವರ್ಸದಲ್ಲಿ ಯಾರಾದ್ರೂ ಮುಡಿ ತೆಗೀತಾರೇನೋ?"

"ಮೊದ್ಲೇ ಹೇಳ್ಬೇಕಾಗಿತ್ತು ನೀನು."

"ವರ್ಸದಿಂದ ಬಡ್ಕೊತಾ ಇವ್ನಿ, ಈ ವರ್ಸ ಬಾ, ಈ ವರ್ಸ ಬಾ ಅಂತ! ಕಿವೀಲಿ ಏನಿಟ್ಕೊಂಡಿದ್ದೆ?"

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ತುಂಬಿದ್ದೇ ಲೆಕ್ಕ, ನಡೆಯುವುದು ಲೆಕ್ಕವಲ್ಲ ಅಂತ ವಾದಿಸಿದೆ. ನಾಲ್ಕನೇ ವರ್ಷ ಮುಡಿ ತೆಗೆಸಿದವರನ್ನು ಒಬ್ಬರನ್ನು ತೋರಿಸು ಅಂದಳು. ತೋರಿಸಲು ಯಾರೂ ಇರಲಿಲ್ಲ. ಫೋನಿಟ್ಟು ಟಿಕೆಟ್ ರದ್ದು ಮಾಡಿದೆ. ಮುಡಿ ಇಲ್ಲದಿದ್ದರೂ ಸುಮ್ಮನೆ ಹೋಗಿ ಅಕ್ಕನನ್ನು ನೋಡಿ ಬರಬಹುದಿತ್ತು. ಅದೇ ತಾನೇ ವಿಷಯ. ಹುಟ್ಟಿದಾಗಿನಿಂದ ಈ ಲೆಕ್ಕ ಕೇಳುತ್ತ ಬೆಳೆದವನು ನಾನು, ನಿಜವಾಗಿ ತಪ್ಪಿದೆನೋ, ಬಿಳಿಗೆರೆಯ ಆ ಬಾಗಿಲು ನೆನೆದು ಬೇಕೆಂದೇ ತಪ್ಪಿಸಿಕೊಂಡೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾಚಿಕೆಯಾಗುತ್ತದೆ ಹೇಳಲು.

ಉಳಿದದ್ದು ಐದನೇ ವರ್ಷ. ಅದೂ ತಪ್ಪಿದರೆ ಅಷ್ಟು ದೊಡ್ಡ ಹುಡುಗನನ್ನು ಜಡೆ ಹಾಕಿ ಸ್ಕೂಲಿಗೆ ಕಳಿಸುವಂತಿಲ್ಲ, ಬೇರೆ ಯಾರಾದರೂ ತೊಡೆ ಕೊಡಬೇಕು. ಅಕ್ಕನ ಅತ್ತೆ ಆಗಲೇ ಶುರುಮಾಡಿದ್ದರು. ಚಿಕ್ಕನಾಯಕನಹಳ್ಳಿಯಲ್ಲಿ ನಿಮ್ಮ ದೊಡ್ಡಪ್ಪನ ಮಗ ಇದ್ದಾನಲ್ಲ, ಅವನೂ ಮಾವನೇ ಅಲ್ಲವೇ, ಕರೆಸಿ ಮುಗಿಸಿ ಅಂತ. ಅಕ್ಕ ಸುತರಾಂ ಒಪ್ಪಲಿಲ್ಲ. ಅವಳು ಒಪ್ಪಿದ್ದರೆ ಅವಳಿಗೆ ತವರು ಇಲ್ಲ ಅಂತ ಊರಿಗೇ ಹೇಳಿದಂತೆ. ಅದು ನನಗೂ ಗೊತ್ತಿತ್ತು.

ಆ ವರ್ಷ ಯುಗಾದಿ ಕಳೆದ ಮೇಲೆ ದಿನ ಗೊತ್ತು ಮಾಡಿದರು. ಟಿಕೆಟ್ ತೆಗೆದೆ, ಅಳಿಯನಿಗೆ ಬಟ್ಟೆ, ಅಕ್ಕನಿಗೆ ಅಲ್ಲಿಯ ಹೆಂಗಸರು ಉಡುವ ಬಣ್ಣದ ಬಟ್ಟೆ, ಗೇರುಬೀಜ ಎಲ್ಲ ಕಟ್ಟಿದೆ. ಹೊರಡಲು ನಾಲ್ಕು ದಿನ ಇದೆ ಅನ್ನುವಾಗ ಬಾಯ್ಲರಿನ ಟ್ಯೂಬು ಸೋರತೊಡಗಿತು. ಮ್ಯಾನೇಜರ್ ರಜೆ ಇಲ್ಲ ಅಂದ. ಕೂಗಾಡಿದೆ, ಸ್ಪ್ಯಾನರ್ ಎಸೆದೆ. ಕೊನೆಗೆ ನಾನೇ ಅದನ್ನು ಎತ್ತಿಕೊಂಡು ಟ್ಯೂಬು ಬಿಚ್ಚಲು ಕೂತೆ. ಅಕ್ಕನಿಗೆ ಹೇಳಿದಾಗ ಅವಳು ಬೈಯಲಿಲ್ಲ. "ಹೂಂ" ಅಂದು ಫೋನಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಗೊತ್ತಿಲ್ಲದ ನಂಬರಿನಿಂದ ಫೋನು. ಭಾವ! ನಾಲ್ಕು ವರ್ಷದಲ್ಲಿ ಅವರ ದನಿ ಕೇಳಿದ್ದು ಅದೇ ಮೊದಲು.

"ಊಟ ಆಯ್ತಾ?" ಅಂದರು.

"ಆಯ್ತು" ಅಂದೆ. ಆಗಿರಲಿಲ್ಲ.

"ಸ್ಕೂಲ್‌ನೋರ ಹತ್ರ ಮಾತಾಡಿವ್ನಿ. ಐದು ತುಂಬೋದ್ರೊಳ್ಗೆ ಕಾರ್ತೀಕದಲ್ಲಿ ಜಡೆ ತೆಗುಸ್ತೀವಿ, ಅಲ್ಲಿಗಂಟ ಹಂಗೇ ಬರ್ಲಿ ಅಂದೆ, ಒಪ್ಕೊಂಡ್ರು. ನೀವು ಬರೋಗಂಟ ಕತ್ರಿ ತಾಕ್ಸಲ್ಲ. ತಲೆ ಕೆಡುಸ್ಕೋಬೇಡಿ, ಆಯ್ತಾ?"

ಅಷ್ಟೇ ಹೇಳಿದ್ದು. ಅವರನ್ನು ಊರವರ ಮುಂದೆ ಬಕೀಟು ಹಿಡಿದ ಹಾಗೇ ನಿಲ್ಲಿಸಿ ಬಂದವನು ನಾನು. ಫೋನಿಟ್ಟ ಮೇಲೆ ನನಗೆ ನನ್ನ ಮೇಲೇ ಅಸಹ್ಯವಾಯಿತು. ಮ್ಜೇ ಏನಾಯಿತು ಅಂತ ಕೇಳಿದರು. ಈ ಸಲ ಪಂಕ್ತಿಯ ಕಥೆಯನ್ನೂ ಸೇರಿಸಿ ಎಲ್ಲ ಹೇಳಿದೆ. ನಾನಿಲ್ಲದೆ ಬಾಯ್ಲರ್ ನಡೆಸುವವರಿಲ್ಲ, ಅದಕ್ಕೇ ರಜೆ ಕೊಡುವುದಿಲ್ಲ ಅಂದೆ. ಅವರು ಕೇಳಿಸಿಕೊಂಡು ಮನೆಗೆ ಹೋದರು. ಮಾರನೇ ಬೆಳಿಗ್ಗೆ ಪ್ಲಾಸ್ಟಿಕ್ ಕವರಿನಿಂದ ಒಂದು ಹಳದಿಯಾದ ಕಾಗದ ತೆಗೆದು ತೋರಿಸಿದರು. ಕತ್ತಾಳೆ ನಾರಿನ ಫ್ಯಾಕ್ಟರಿಯಲ್ಲಿ ನಾನು ಹುಟ್ಟುವುದಕ್ಕೂ ಮೊದಲು ಅವರು ಬಾಯ್ಲರ್ ನಡೆಸಿದ ಸರ್ಟಿಫಿಕೇಟು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಅಂತ ಕೇಳಿದೆ.

"ನೀನು ಕೇಳಲಿಲ್ಲ" ಅಂದರು.

ಸುಮಾರು ನಾಲ್ಕು ವರ್ಷ ಪಕ್ಕದಲ್ಲಿ ಕೂತು ಚಹಾ ಕುಡಿದಿದ್ದೇನೆ, ನೀವು ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಅಂತ ಒಂದು ಮಾತು ಕೇಳಿಲ್ಲ. ಇಬ್ಬರೂ ಹೋಗಿ ಮ್ಯಾನೇಜರಿಗೆ ಕಾಗದ ತೋರಿಸಿದೆವು. ಅವನು ನಾಲ್ಕು ತಿಂಗಳು ಮ್ಜೇ ನಡೆಸುವುದನ್ನು ನೋಡಿ, ಹೊಸ ಪರೀಕ್ಷೆಯನ್ನೂ ಕೊಡಿಸಿ, ಕಾರ್ತೀಕಕ್ಕೆ ನನಗೆ ಒಂದು ತಿಂಗಳು ರಜೆ ಬರೆದ. ಹೊರಡುವಾಗ ಮ್ಜೇ ನನ್ನ ಕೈಗೆ ಒಂದು ಸಣ್ಣ ಟೋಪಿ ಕೊಟ್ಟರು, ಅವರ ಕಡೆ ಗಂಡಸರು ಹಾಕುವ ಕಸೂತಿ ಟೋಪಿ. ಬೋಳುತಲೆಗೆ ಬಿಸಿಲು ಬೀಳಬಾರದು ಅಂದರು.

ವಿಮಾನ ಇಳಿದು, ಬೆಂಗಳೂರಿನಿಂದ ರೈಲು ಹಿಡಿದು ಬಂದರೆ ತಿಪಟೂರು ಸ್ಟೇಷನ್ನಿನಲ್ಲಿ ಭಾವ ಬೈಕಿನೊಂದಿಗೆ ನಿಂತಿದ್ದರು. ಬ್ಯಾಗು ಕಸಿದುಕೊಂಡು ಮುಂದಕ್ಕೆ ಇಟ್ಟುಕೊಂಡರು. ದಾರಿಯುದ್ದಕ್ಕೂ ಈ ಸಲ ಯಾರ ತೋಟದ ತೆಂಗಿಗೆ ಎಷ್ಟು ನುಸಿರೋಗ ಬಿದ್ದಿದೆ ಅಂತ ಹೇಳಿದರು, ನಾನು ಹೂಂಗುಟ್ಟಿದೆ. ಕ್ಷಮಿಸಿ ಅನ್ನಬೇಕು ಅಂತ ವಿಮಾನದಲ್ಲಿ ಹತ್ತು ಸಲ ಅಭ್ಯಾಸ ಮಾಡಿಕೊಂಡಿದ್ದೆ. ಬಿಳಿಗೆರೆ ಬಂದೇಬಿಟ್ಟಿತು, ಬಾಯಿಗೆ ಬರಲಿಲ್ಲ.

ಮನೆ ಮುಂದೆ ಕಾಲು ನಿಂತುಬಿಟ್ಟವು. ಹೊಸ್ತಿಲು ಕಾಣುತ್ತಿತ್ತು, ಅರಿಸಿನ ಹಚ್ಚಿದ್ದರು. ಅಕ್ಕ ಚೊಂಬಿನಲ್ಲಿ ನೀರು ತಂದು ನನ್ನ ಕಾಲಿಗೆ ಸುರಿದಳು. ಅವಳ ತಲೆಯಲ್ಲೂ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು.

"ತುಳೀಬೇಡ" ಅಂದಳು. "ಹೊಸ್ತಿಲು ಯಾರ್ ತುಳೀತಾರೆ? ದಾಟ್ಕೊಂಡ್ ಬಾ."

ಭಾವ ಹಿಂದಿನಿಂದ ನಕ್ಕರು. ನಾನೂ ನಕ್ಕೆ. ದಾಟಿದೆ.

ಒಳಗೆ ಕಂಬದ ಹಿಂದೆ ಎರಡು ಜಡೆಯ ಹುಡುಗ ನಿಂತಿದ್ದ. ಹತ್ತಿರ ಬರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ತಿರುಗಿ ನಿಂತು, ಬೆನ್ನು ತೋರಿಸಿದ. ಜಡೆ ಸೊಂಟಕ್ಕೆ ಬಂದಿತ್ತು.

ಸೋಮವಾರ ಬೆಳಿಗ್ಗೆ ಮನೆ ಮುಂದೆ ತೆಂಗಿನ ಮರದ ನೆರಳಿನಲ್ಲಿ ಕಂಬಳಿ ಹಾಸಿದರು. ಕ್ಷೌರದವರು ಕತ್ತಿ ಮಸೆಯುತ್ತಿದ್ದರು. ತಿಪಟೂರಿನಿಂದ ಬಂದ ಅಕ್ಕಸಾಲಿಗರು ಕಿವಿ ಚುಚ್ಚಲು ಚಿನ್ನದ ತಂತಿ ಹಿಡಿದು ಕೂತಿದ್ದರು. ಕೂದಲು ನೆಲಕ್ಕೆ ಬೀಳದಂತೆ ಅಕ್ಕ ಹಿತ್ತಾಳೆ ತಟ್ಟೆ ಹಿಡಿದಳು. ಹುಡುಗ ಎರಡೇ ದಿನಕ್ಕೆ ನನಗೆ ಹೊಂದಿಕೊಂಡಿದ್ದ. ಜಾಣನ ಹಾಗೆ ಬಂದು ತೊಡೆ ಮೇಲೆ ಕೂತ. ನಾನು ಕತ್ತರಿ ಎತ್ತಿದೆ. ಅವನು ಎರಡು ಕೈಯಲ್ಲೂ ಎರಡು ಜಡೆ ಗಟ್ಟಿಯಾಗಿ ಹಿಡಿದುಕೊಂಡ.

"ಬ್ಯಾಡ."

"ನೋಯಲ್ಲ ಕಣಪ್ಪ" ಅಂದರು ಕ್ಷೌರದವರು. "ಮುಗೀತು, ಒಂದೇ ನಿಮ್ಸ" ಅಂದರು ಅಕ್ಕನ ಅತ್ತೆ. ಯಾರೋ ಬಾಳೆಹಣ್ಣು ತೋರಿಸಿದರು. ಅವನು ಯಾರ ಕಡೆಯೂ ನೋಡಲಿಲ್ಲ. ನಾನು ಕೈ ಬಿಡಿಸಲು ಹೋದೆ, ಬಿಡಲಿಲ್ಲ. ಇವನೂ ನನ್ನ ಹಾಗೇ ಹಟಮಾರಿ ಅಂದುಕೊಂಡು ಸ್ವಲ್ಪ ರೇಗಿಯೂಬಿಟ್ಟೆ.

"ಯಾಕ್ಲಾ? ಇದಕ್ಕೇ ಅಲ್ವೇನೋ ನಾನು ಅಷ್ಟ್ ದೂರದಿಂದ ಬಂದಿದ್ದು?"

ಅವನು ನನ್ನ ಕಿವಿಯ ಹತ್ತಿರ ಬಾಯಿ ತಂದ.

"ಜಡೆ ಹೋದ್ರೆ ನೀನು ಇನ್ಯಾಕೆ ಬತ್ತೀಯ ಮಾವ?"

  ಸೊಂಟಕ್ಕೆ ಬರಲಿ ಬತ್ತೀನಿ ಅಂತ ವಾರವಾರ ಹೇಳಿದ್ದೆನಲ್ಲ, ಅದನ್ನು ಅವನು ನಂಬಿದ್ದ. ಅದಕ್ಕೇ ಎಣ್ಣೆ ಬಟ್ಟಲು ತರುತ್ತಿದ್ದ. ನನಗೆ ಅಳು ಬಂತು. ಅಷ್ಟು ಜನರ ಮುಂದೆ, ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಅತ್ತೆ.

ಆಮೇಲೆ ಕಣ್ಣೊರೆಸಿಕೊಂಡು, "ಕಿವಿ ಇವತ್ತು ಬ್ಯಾಡ" ಅಂದೆ.

"ಇದೇನ್ರಪ್ಪಾ ಇದು!" ಅಂದರು ಅಕ್ಕನ ಅತ್ತೆ. "ಆಚಾರ್ರು ಆವಾಗ್ಲಿಂದ ಬಂದು ಕೂತವ್ರೆ, ಎರಡೂ ಒಂದೇ ದಿನ ಅಂತ್ ತಾನೇ ಮಾತಾಡಿದ್ದು?"

 ನಾನು ಅಳಿಯನ ಕಿವಿ ಹಿಡಿದು ಮೆಲ್ಲಗೆ ಹಿಂಡಿದೆ.

"ಇದು ಇನ್ನೂ ಐತಲ್ಲೋ. ಇದುನ್ನ ಚುಚ್ಚುಸ್ಬೇಕಾದ್ರೆ ನಾನೇ ಬರ್ಬೇಕು. ನಿನ್ನನ್ನ ಇಲ್ಲೇ ಕೂರುಸ್ಕೊಬೇಕು."

ಅವನು ಯೋಚಿಸಿದ. "ಎರಡು ಕಿವೀಗೂನಾ?"

"ಎರಡಕ್ಕೂನು."

ಒಂದು ಕೈ ಬಿಟ್ಟ. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ಬಿಟ್ಟ. ನಾನು ಮೊದಲ ಎಳೆ ಕತ್ತರಿಸಿ ತಟ್ಟೆಗೆ ಹಾಕಿದೆ. ಕ್ಷೌರದವರು ಮುಂದಕ್ಕೆ ಬಂದರು. ಭಾವ ಅಕ್ಕಸಾಲಿಗರ ಕೈಗೆ ಎಲೆ ಅಡಿಕೆ, ಕೊಬ್ಬರಿ ಬಟ್ಟಲು ಇಟ್ಟು, "ಏಳನೇ ವರ್ಸಕ್ಕೆ ಹೇಳಿ ಕಳುಸ್ತೀವಿ ಆಚಾರ್ರೇ, ಊಟ ಮಾಡ್ಕೊಂಡೇ ಹೋಗ್ಬೇಕು" ಅಂದರು.

ಬೋಳುತಲೆಗೆ ಮ್ಜೇ ಕೊಟ್ಟ ಟೋಪಿ ಹಾಕಿದೆ. ಕಿವಿಯವರೆಗೂ ಇಳಿಯಿತು. ಅಕ್ಕ ಬಗ್ಗಿ ಕಂಬಳಿಯ ಮೇಲೆ ಉದುರಿದ್ದ ಕೂದಲನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಏಳು ನಡೀವಾಗ ಕಣೋ. ತುಂಬುದ್ ಮೇಲಲ್ಲ."